ಸಿರಿವಂತರು ಹೆಚ್ಚು ತೆರಿಗೆ ಕಟ್ಟಬೇಕೆ? ಕಟ್ಟಿದವರ, ಕಟ್ಟಿಸಿಕೊಂಡವರ ಅನುಭವ ಬೇಕಾಗಿದೆ

ಕೋರಿಕೆ: ಉಪನ್ಯಾಸಕಿ, ಶಿವಮೊಗ್ಗ ಜಿಲ್ಲೆ

ನಾನು ಒಂದು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಮುಂದಿನ ತಿಂಗಳು ನಮ್ಮ ದ್ವಿತೀಯ ಪಿಯು ಮಕ್ಕಳು ‘ಸಿರಿವಂತರು ಈಗಿರುವುದಕ್ಕಿಂತ ಹೆಚ್ಚು ತೆರಿಗೆ ಕಟ್ಟಬೇಕೆ’ ಎಂಬ ವಿಷಯದ ಚರ್ಚಾಸ್ಪರ್ಧೆಗೆ ಹೋಗಲಿದ್ದಾರೆ. ಆದಾಯ ಏರಿದಂತೆ ತೆರಿಗೆಯ ದರವೂ ಏರಬೇಕೆಂಬ ತತ್ವವನ್ನು ಪುಸ್ತಕದಿಂದ ಹೇಳಿಕೊಡಬಲ್ಲೆ. ಆದರೆ ಅದು ನಿಜವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿಲ್ಲ. ಅಡಿಕೆ ಸುಲಿಯಲು ಹೋಗುವ ತಾಯಿಯ ಮಗಳೊಬ್ಬಳು ತರಗತಿಯಲ್ಲಿ ಎದ್ದು ನಿಂತು, ‘ಮೇಡಂ, ನಮ್ಮ ಮನೆಯವರು ತೆರಿಗೆ ಕಟ್ಟುವುದಿಲ್ಲವಲ್ಲ, ಬೇರೆಯವರು ಹೆಚ್ಚು ಕಟ್ಟಲಿ ಎನ್ನುವ ಹಕ್ಕು ನನಗಿದೆಯೇ’ ಎಂದು ಕೇಳಿದಾಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ತೆರಿಗೆ ಕಟ್ಟಿದವರು, ಕಟ್ಟಿಸಿಕೊಂಡವರು, ಲೆಕ್ಕ ಬರೆದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ಲೆಕ್ಕಪರಿಶೋಧಕ, ಹುಬ್ಬಳ್ಳಿ

ಮೇಡಂ, ಇಪ್ಪತ್ತೆಂಟು ವರ್ಷಗಳಿಂದ ಇತರರ ರಿಟರ್ನ್ ತುಂಬುತ್ತಿರುವ ನನಗೆ ‘ಎಷ್ಟು ಆದಾಯ’ ಎಂಬುದಕ್ಕಿಂತ ‘ಯಾವ ಆದಾಯ’ ಎಂಬುದೇ ಮುಖ್ಯವೆಂದು ತೋರಿದೆ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ನನ್ನ ಮೇಜಿನ ಮೇಲೆ ಅಕ್ಕಪಕ್ಕ ಬಂದು ಕೂರುವಂಥ ಎರಡು ಫೈಲುಗಳನ್ನು ಉದಾಹರಣೆಗೆ ತೆಗೆದುಕೊಳ್ಳಿ. ಮೊದಲನೆಯದು ವರ್ಷಕ್ಕೆ 30 ಲಕ್ಷ ರೂಪಾಯಿ ಸಂಬಳ ಪಡೆಯುವ ಒಬ್ಬ ಎಂಜಿನಿಯರ್‌ನದು. 2025-26ರ ಹೊಸ ಪದ್ಧತಿಯಲ್ಲಿ (ಬಹುತೇಕ ವಿನಾಯಿತಿ ಬಿಟ್ಟು ಕಡಿಮೆ ದರದಲ್ಲಿ ಕಟ್ಟುವ ಪದ್ಧತಿ) ಸಂಬಳದಾರರಿಗೆಲ್ಲ ಸಿಗುವ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, ಒಂದೊಂದೇ ಹಂತ ಹತ್ತಿಸಿ, ಬಂದ ತೆರಿಗೆಯ ಮೇಲೆ ಶೇ. 4ರ ಸೆಸ್ ಸೇರಿಸಿದರೆ ಅವನ ತೆರಿಗೆ 4,75,800 ರೂಪಾಯಿ ಆಗುತ್ತದೆ. ಅದೂ ಅವನ ಕೈಗೆ ಸಂಬಳ ಬರುವ ಮೊದಲೇ ತಿಂಗಳು ತಿಂಗಳೂ ಟಿಡಿಎಸ್ ರೂಪದಲ್ಲಿ ಮುರಿದುಹೋಗಿರುತ್ತದೆ. ಎರಡನೆಯದು, ಬೇರೆ ಆದಾಯವಿಲ್ಲದೆ, ತಂದೆಯಿಂದ ಬಂದ ಷೇರುಗಳಲ್ಲಿ ಕೆಲವನ್ನು ಮಾರಿ ಅಷ್ಟೇ 30 ಲಕ್ಷದ ದೀರ್ಘಾವಧಿ ಲಾಭ ಪಡೆದವನದು. ಅವನಿಗೆ ಮೂಲ ವಿನಾಯಿತಿಯ 4 ಲಕ್ಷವನ್ನೂ ಷೇರು ಲಾಭದ ವಿನಾಯಿತಿಯಾದ 1.25 ಲಕ್ಷವನ್ನೂ ಬಿಟ್ಟು ಉಳಿದದ್ದರ ಮೇಲೆ ಶೇ. 12.5ರ ದರ, ಸೆಸ್ ಸೇರಿ 3,21,750 ರೂಪಾಯಿ. ಬೆಳಗ್ಗೆ ಎಂಟಕ್ಕೆ ಕಂಪನಿಯ ಬಸ್ಸು ಹಿಡಿಯುವವನು ಒಂದೂವರೆ ಲಕ್ಷ ಹೆಚ್ಚು ಕಟ್ಟುತ್ತಾನೆ.

ಮೇಲಕ್ಕೆ ಹೋದಂತೆ ಈ ಅಂತರ ಇನ್ನೂ ಹಿಗ್ಗುತ್ತದೆ. ವರ್ಷಕ್ಕೆ 5 ಕೋಟಿ ದಾಟಿದವರ ಮೇಲೆ 2019ರ ಬಜೆಟ್ ಶೇ. 37ರ ಸರ್ಚಾರ್ಜ್ (ಕಟ್ಟಬೇಕಾದ ತೆರಿಗೆಯ ಮೇಲಿನ ಹೆಚ್ಚುವರಿ ತೆರಿಗೆ) ಹಾಕಿದಾಗ ಅವರ ಅತಿ ಮೇಲಿನ ದರ ಶೇ. 42.74ಕ್ಕೆ ಏರಿತ್ತು, 2023ರಲ್ಲಿ ಹೊಸ ಪದ್ಧತಿಯಲ್ಲಿ ಆ ಸರ್ಚಾರ್ಜನ್ನು ಶೇ. 25ಕ್ಕೆ ಇಳಿಸಿದ್ದರಿಂದ ದರ ಶೇ. 39ಕ್ಕೆ ಬಂದಿತು. ಪತ್ರಿಕೆಗಳಲ್ಲಿ ವಾದವೆಲ್ಲ ನಡೆಯುವುದು ಈ 39 ಮತ್ತು 42ರ ಮೇಲೆ. ಆದರೆ ಷೇರು ಮಾರಿದ ದೀರ್ಘಾವಧಿ ಲಾಭದ ಮೇಲೆ ಸರ್ಚಾರ್ಜ್ ಶೇ. 15 ಮೀರುವಂತಿಲ್ಲ, ಹಾಗಾಗಿ ಲಾಭ 10 ಕೋಟಿಯಾದರೂ ನೂರು ಕೋಟಿಯಾದರೂ ದರ ಶೇ. 14.95ಕ್ಕೇ ನಿಂತುಬಿಡುತ್ತದೆ. ಮಾರದೆ ಇಟ್ಟುಕೊಂಡರಂತೂ ಬೆಲೆ ಹತ್ತು ಪಟ್ಟು ಏರಿದರೂ ಆ ಏರಿಕೆಗೆ ತೆರಿಗೆಯಿಲ್ಲ, ಮಕ್ಕಳಿಗೆ ಬಿಟ್ಟು ಹೋಗುವಾಗಲೂ ಇಲ್ಲ. (ಮಕ್ಕಳು ಮುಂದೆ ಮಾರಿದರೆ ತಂದೆ ಕೊಂಡ ಬೆಲೆಯಿಂದಲೇ ಲೆಕ್ಕ ಹಾಕುತ್ತಾರೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು.) ಬಂಡವಾಳ ಹೂಡಿದವನು ನಷ್ಟದ ಭಯವನ್ನೂ ಹೊರುತ್ತಾನೆ, ಅವನಿಗೆ ಸ್ವಲ್ಪ ರಿಯಾಯಿತಿ ಇರಲಿ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಶೇ. 39 ಎಲ್ಲಿ, ಶೇ. 14.95 ಎಲ್ಲಿ? ನಿಮ್ಮ ಮಕ್ಕಳು ‘ಹೆಚ್ಚು ಕಟ್ಟಬೇಕು’ ಎಂಬ ಪಕ್ಷ ಹಿಡಿದರೆ, ಸಂಬಳದ ಮೇಲಿನ ದರ ಏರಿಸಿ ಎನ್ನದೆ ಈ ಅಂತರವನ್ನು ಕಡಿಮೆ ಮಾಡಿ ಎಂದು ವಾದಿಸಲಿ.

ನಿವೃತ್ತ ತೆರಿಗೆ ಅಧಿಕಾರಿ, ಮೈಸೂರು

ಹುಬ್ಬಳ್ಳಿಯ ಮಹನೀಯರು ಬರೆದುದಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ನಾನು ಹೇಳಬೇಕಾದದ್ದು ಹಿಂದಿನ ಕಾಲದ ಅನುಭವ.

ನಾನು 1972ರಲ್ಲಿ ಗುಮಾಸ್ತನಾಗಿ ಸೇರಿದಾಗ ವರ್ಷಕ್ಕೆ 2 ಲಕ್ಷ ರೂಪಾಯಿ ದಾಟಿದ ಆದಾಯದ ಮೇಲೆ ಮೂಲ ದರ ಶೇ. 85 ಇತ್ತು, ಸರ್ಚಾರ್ಜ್ ಸೇರಿ ಅದು ಶೇ. 97.75 ಆಗುತ್ತಿತ್ತು. ಅಂದರೆ ಕೊನೆಯ ನೂರು ರೂಪಾಯಿಯಲ್ಲಿ ಗಳಿಸಿದವನಿಗೆ ಉಳಿಯುತ್ತಿದ್ದುದು ಎರಡೂಕಾಲು ರೂಪಾಯಿ. ಅಷ್ಟು ಎತ್ತರದ ದರವಿದ್ದರೂ ಸಿರಿವಂತರಿಂದ ನಾವು ಹೆಚ್ಚೇನೂ ವಸೂಲು ಮಾಡಲಿಲ್ಲ. ಕಡತಗಳಲ್ಲಿ ನಾನು ಕಂಡದ್ದು ಎರಡು ಲಕ್ಷದ ಗೆರೆಗೆ ತುಸು ಕೆಳಗೆ ಬಂದು ನಿಲ್ಲುವ ಆದಾಯಗಳನ್ನು, ಅಡುಗೆಯವನ ಹೆಸರಿನಲ್ಲಿದ್ದ ಗೋದಾಮುಗಳನ್ನು ಮತ್ತು ಒಂದೇ ಕೈಬರಹದಲ್ಲಿ ಬರೆದ ನಾಲ್ಕು ಪಾಲುದಾರರ ಸಹಿಗಳನ್ನು. ದರ ಅತಿಯಾಗಿರುವುದೇ ತೆರಿಗೆ ತಪ್ಪಿಸಲು ಒಂದು ಕಾರಣವೆಂದು, ನೇರ ತೆರಿಗೆಗಳ ಪರಿಶೀಲನೆಗೆ ಸರ್ಕಾರ ನೇಮಿಸಿದ್ದ ವಾಂಛೂ ಸಮಿತಿ 1971ರಲ್ಲೇ ವರದಿ ಕೊಟ್ಟಿತ್ತು. 1974ರಲ್ಲಿ ದರವನ್ನು ಶೇ. 77ಕ್ಕೆ ಇಳಿಸಿದರು. ಆದ್ದರಿಂದ ‘ದರ ಏರಿಸಿದರೆ ಸಾಕು’ ಎಂದು ಯಾರಾದರೂ ಹೇಳಿದಾಗ ನನಗೆ ಆ ಗೋದಾಮುಗಳು ನೆನಪಾಗುತ್ತವೆ.

ಇನ್ನೊಂದು, ಸಂಪತ್ತು ತೆರಿಗೆ. 1957ರಲ್ಲಿ ಜಾರಿಗೆ ಬಂದ ಈ ತೆರಿಗೆಯಿಂದ 1993ರಲ್ಲಿ ಷೇರುಗಳನ್ನೂ ಬ್ಯಾಂಕ್ ಠೇವಣಿಗಳನ್ನೂ ಹೊರಗಿಟ್ಟರು. ಉಳಿದದ್ದು ಮುಖ್ಯವಾಗಿ ಎರಡನೆಯ ಮನೆ, ನಗರದ ಖಾಲಿ ನಿವೇಶನ, ಒಡವೆ, ಕಾರು. ನನ್ನ ನಿವೃತ್ತಿಗೆ ಹತ್ತಿರದ ದಿನಗಳಲ್ಲಿ, 30 ಲಕ್ಷ ಮೀರಿದ ಸಂಪತ್ತಿಗೆ ಶೇ. 1 ಎಂಬ ನಿಯಮವಿದ್ದಾಗ, ಒಬ್ಬ ವೃದ್ಧ ವಿಧವೆ ಬೆಲೆ ಕಟ್ಟುವವರ ಪ್ರಮಾಣಪತ್ರ ಹಿಡಿದು ನನ್ನ ಎದುರು ಕುಳಿತಿದ್ದರು. ಅವಲಕ್ಕಿ ಸರ, ಎರಡು ಜೊತೆ ಬಳೆ, ಒಂದು ಡಾಬು, ಪ್ರತಿಯೊಂದರ ಮುಂದೆಯೂ ಗ್ರಾಂ ಲೆಕ್ಕದ ತೂಕ. ಪತಿ ಮಗನಿಗೆಂದು ಕೊಂಡಿದ್ದ ನಿವೇಶನಕ್ಕೆ ಬಡಾವಣೆ ಬೆಳೆದು ಬೆಲೆ ಬಂದಿತ್ತು. ‘ಇವನ್ನು ನಾನು ಮಾರುವುದೇ ಇಲ್ಲವಲ್ಲ ಸ್ವಾಮಿ, ತೆರಿಗೆಯನ್ನು ಎಲ್ಲಿಂದ ತರಲಿ’ ಎಂದು ಅವರು ಕೇಳಿದರು. ಅದೇ ವಾರ ನನ್ನ ಮುಂದೆ ಬಂದ ಮತ್ತೊಂದು ಕುಟುಂಬದ ಕಡತದಲ್ಲಿ ಹಲವು ಕೋಟಿಯ ಷೇರುಗಳಿದ್ದವು; ಅವರ ಸಂಪತ್ತು ತೆರಿಗೆ ಸೊನ್ನೆ, ಮತ್ತು ಅದು ಕಾನೂನಿನ ಪ್ರಕಾರ ಸರಿಯಾದ ಸೊನ್ನೆ. ಆ ತಾಯಿಗೆ ಚಲನ್ ಬರೆದುಕೊಟ್ಟದ್ದು ನನ್ನನ್ನು ಇಂದಿಗೂ ಕಾಡುತ್ತದೆ. 2013-14ರಲ್ಲಿ ಇಡೀ ದೇಶದಿಂದ ಬಂದ ಸಂಪತ್ತು ತೆರಿಗೆ 1,008 ಕೋಟಿ ಮಾತ್ರ. ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು 2015ರಲ್ಲಿ ಅದನ್ನು ತೆಗೆದು, ವರ್ಷಕ್ಕೆ ಕೋಟಿ ದಾಟಿದ ಆದಾಯದವರ ತೆರಿಗೆಯ ಮೇಲೆ ಇನ್ನೂ ಶೇ. 2ರ ಸರ್ಚಾರ್ಜ್ ಸೇರಿಸಿದರು. ಅದಕ್ಕೂ ಮೂವತ್ತು ವರ್ಷ ಮೊದಲು, 1985ರಲ್ಲಿ, ಅಂದಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅವರು ಎಸ್ಟೇಟ್ ಡ್ಯೂಟಿಯನ್ನು (ತೀರಿಕೊಂಡವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ) ತೆಗೆದಾಗಲೂ ಕೊಟ್ಟ ಕಾರಣ ಹೀಗೆಯೇ ಇತ್ತು: ಬರುತ್ತಿದ್ದುದು ಸುಮಾರು 20 ಕೋಟಿ, ಅದಕ್ಕಾಗಿ ನಡೆಯುತ್ತಿದ್ದ ವ್ಯಾಜ್ಯ ಮತ್ತು ಕೆಲಸ ಅಪಾರ.

ಇವನ್ನು ಕಂಡು ‘ಸಿರಿವಂತರಿಂದ ವಸೂಲಿ ಸಾಧ್ಯವೇ ಇಲ್ಲ’ ಎಂಬ ನಿಲುವಿಗೆ ಬಂದ ಸಹೋದ್ಯೋಗಿಗಳಿದ್ದಾರೆ. ನನ್ನ ನಿಲುವು ಅದಲ್ಲ. ವಿನಾಯಿತಿಗಳ ತೂತು ಬಿದ್ದ ಬಲೆಯಲ್ಲಿ ಮೀನು ಸಿಗಲಿಲ್ಲವೆಂದು ಕೆರೆಯಲ್ಲಿ ಮೀನೇ ಇಲ್ಲ ಎನ್ನಲಾಗದು. ಅಂದು ಷೇರುಗಳು ಕಾಗದದ ಪತ್ರಗಳಾಗಿ ಟ್ರಂಕಿನೊಳಗಿದ್ದವು. ಇಂದು ಡಿಮ್ಯಾಟ್ ಖಾತೆಯಲ್ಲಿವೆ, ಪ್ಯಾನ್ ಸಂಖ್ಯೆಗೆ ಕಟ್ಟಿಕೊಂಡಿವೆ, ಪ್ರತಿ ಸಂಜೆ ಅವುಗಳ ಬೆಲೆ ಪ್ರಕಟವಾಗುತ್ತದೆ. ಬಹಳ ದೊಡ್ಡ ಆಸ್ತಿಗಳಿಗೆ ಮಾತ್ರ, ಯಾವುದನ್ನೂ ಹೊರಗಿಡದೆ, ಕಡಿಮೆ ದರದಲ್ಲಿ ಉತ್ತರಾಧಿಕಾರ ತೆರಿಗೆ ಹಾಕಿದರೆ ಆ ವಿಧವೆಯಂಥವರು ಸಿಕ್ಕಿಬೀಳುವುದಿಲ್ಲ, ಮತ್ತೊಂದು ಕುಟುಂಬದಂಥವರು ಹೊರಗೆ ಉಳಿಯುವುದಿಲ್ಲ.

ಕಿರಾಣಿ ಅಂಗಡಿಯವನು, ದಾವಣಗೆರೆ

ಟೀಚರಮ್ಮನವರೇ, ಉಳಿದವರಷ್ಟು ಓದಿದವನಲ್ಲ ನಾನು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಮಾತ್ರ ಕೊಡಬಲ್ಲೆ. ಅವಳ ಮನೆಯವರು ತೆರಿಗೆ ಕಟ್ಟುತ್ತಲೇ ಇದ್ದಾರೆ. 2025ರ ಸೆಪ್ಟೆಂಬರ್ 22ರವರೆಗೆ ನನ್ನ ಅಂಗಡಿಯಿಂದ ಹೋದ ಪ್ರತಿ ಸೋಪು, ಪೇಸ್ಟು, ಬಿಸ್ಕತ್ತಿನ ಪೊಟ್ಟಣದ ಮೇಲೂ ಶೇ. 18ರ ಜಿಎಸ್‌ಟಿ ಇತ್ತು. ಆ ದಿನದಿಂದ ಶೇ. 5 ಆಗಿದೆ, ಅದು ಒಳ್ಳೆಯದಾಯಿತು. ಮೊಬೈಲ್ ರೀಚಾರ್ಜಿಗೆ ಇಂದಿಗೂ ಶೇ. 18. ನಮ್ಮ ಬೀದಿಯಲ್ಲಿ ದಿನಗೂಲಿಯ ಹೆಂಗಸರು ಸಂಜೆ ಆರಕ್ಕೆ ಬಂದು ಇಪ್ಪತ್ತು ಮೂವತ್ತು ರೂಪಾಯಿಯ ಸಾಮಾನು ಒಯ್ಯುತ್ತಾರೆ. ಅದೇ ಸೋಪನ್ನು ಕಾರಿನಲ್ಲಿ ಬಂದವರೂ ಒಯ್ಯುತ್ತಾರೆ. ತೆರಿಗೆ ಇಬ್ಬರಿಗೂ ಒಂದೇ. ಬಂದ ಕೂಲಿಯೆಲ್ಲ ಖರ್ಚಾಗುವ ಮನೆಯಲ್ಲಿ ಆ ತೆರಿಗೆ ಬಹುಪಾಲು ಆದಾಯಕ್ಕೆ ಅಂಟಿಕೊಳ್ಳುತ್ತದೆ, ಬಹುಪಾಲು ಉಳಿಸುವ ಮನೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಕೇಳುವ ಹಕ್ಕು ಅವಳಿಗೆ ಖಂಡಿತ ಇದೆ ಎಂದು ನನ್ನ ಹೆಸರಿನಲ್ಲಿ ಹೇಳಿ.

ಕಾಫಿ ಬೆಳೆಗಾರ, ಮೂಡಿಗೆರೆ

ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ, ಏಕೆಂದರೆ ಈ ಪ್ರಶ್ನೆ ನನ್ನ ಮನೆಯ ಬಾಗಿಲಿಗೇ ಬರುತ್ತದೆ. ನಮ್ಮದು ಅರವತ್ತು ಎಕರೆ ತೋಟ. ಕಳೆದ ಕೆಲವು ವರ್ಷಗಳಲ್ಲಿ ರೊಬಸ್ಟಾ ತಳಿಯ ಕಾಫಿಯ ಬೆಲೆ ಎರಡು ಪಟ್ಟಿಗಿಂತ ಹೆಚ್ಚು ಏರಿತು; ನನ್ನ ಜೀವಮಾನದಲ್ಲಿ ಕಾಣದಂಥ ಹಣ ಕಂಡೆ. ಕೃಷಿ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಕಣದಲ್ಲಿ ಒಣಗಿಸಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಹಾಗೆಯೇ ಮೂಟೆ ಕಟ್ಟಿ ಮಾರಿದರೆ ಸಂಪೂರ್ಣ ವಿನಾಯಿತಿ, ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವ ಕೆಲಸ) ಮಾಡಿಸಿ ಮಾರಿದರೆ ನಾಲ್ಕನೆಯ ಒಂದು ಭಾಗಕ್ಕೆ ಮಾತ್ರ ತೆರಿಗೆ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗಕ್ಕೆ. ನಾನು ಚೆರಿ ಮಾರುವವನು.

ಕಳೆದ ದೀಪಾವಳಿಗೆ ನಮ್ಮ ತೋಟದ ರೈಟರ ಮಗ ಬೆಂಗಳೂರಿನಿಂದ ಬಂದಿದ್ದ. ಅವನ ಅಪ್ಪ ಮೂವತ್ತು ವರ್ಷದಿಂದ ನಮ್ಮ ಹಾಜರಿ ಪುಸ್ತಕ ಬರೆಯುತ್ತಿದ್ದಾರೆ. ಹುಡುಗ ಕಷ್ಟಪಟ್ಟು ಓದಿ ವರ್ಷಕ್ಕೆ 16 ಲಕ್ಷದ ಕೆಲಸ ಹಿಡಿದಿದ್ದಾನೆ. ಜಗುಲಿಯಲ್ಲಿ ಕುಳಿತು ತನ್ನ ಸಂಬಳದ ಚೀಟಿಯನ್ನು ಮೊಬೈಲಿನಲ್ಲಿ ಅಪ್ಪನಿಗೆ ತೋರಿಸುತ್ತ, ವರ್ಷಕ್ಕೆ 1,13,100 ರೂಪಾಯಿ ತೆರಿಗೆ ಮುರಿಯುತ್ತಾರೆ ಎಂದ. ರೈಟರು ನನ್ನ ಮುಖ ನೋಡಲಿಲ್ಲ, ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಅವರು ಬರೆದಿಟ್ಟ ಲೆಕ್ಕದ ಪ್ರಕಾರವೇ ಆ ವರ್ಷ ನನಗೆ ಉಳಿದದ್ದು ಅವರ ಮಗನ ಸಂಬಳಕ್ಕಿಂತ ಎಷ್ಟೋ ಹೆಚ್ಚು, ಮತ್ತು ನಾನು ಕಟ್ಟಿದ ಆದಾಯ ತೆರಿಗೆ ಏನೂ ಇಲ್ಲ.

ಇದಕ್ಕೆ ಎದುರಾದ ಅನುಭವವೂ ಇದೆ, ಅದನ್ನು ಮಕ್ಕಳಿಗೆ ಮರೆಮಾಚಬಾರದು. 2019ರ ಆಗಸ್ಟ್ ಮಳೆಗೆ ನಮ್ಮ ತೋಟದ ಒಂದು ಮೂಲೆ ಮರಗಳ ಸಮೇತ ಹಳ್ಳಕ್ಕೆ ಜಾರಿತು. ಅದಾದ ಮೇಲೆ ಎರಡು ವರ್ಷ ಬಂದ ಹಣ ಬ್ಯಾಂಕಿನ ಬಡ್ಡಿ ಕಟ್ಟುವುದಕ್ಕಷ್ಟೇ ಸಾಕಾಗುತ್ತಿತ್ತು. ಬೆಳೆಗಾರರಲ್ಲಿ ಬಹುಪಾಲು ಮಂದಿ ಸಣ್ಣ ಹಿಡುವಳಿಯವರು, ಅವರ ಮೇಲೆ ತೆರಿಗೆ ಎಂಬ ಮಾತೇ ಸಲ್ಲದು. ಆದರೆ ದೊಡ್ಡ ತೋಟಗಳಿಗೆ ಕೆಲವು ವರ್ಷಗಳ ಸರಾಸರಿ ತೆಗೆದು, ನಷ್ಟದ ವರ್ಷವನ್ನು ಲಾಭದ ವರ್ಷದಲ್ಲಿ ಕಳೆದು ತೆರಿಗೆ ಹಾಕಿದರೆ ನಾನು ಕಟ್ಟಲು ಸಿದ್ಧ. ಇದು ಹೊಸ ವಿಚಾರವೇನೂ ಅಲ್ಲ. ಕೃಷಿ ವರಮಾನದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ರಾಜ್ಯಗಳಿಗೆ ಕೊಟ್ಟಿದೆ. ನಮ್ಮ ರಾಜ್ಯದಲ್ಲೇ 1957ರ ಕೃಷಿ ವರಮಾನ ತೆರಿಗೆ ಕಾಯ್ದೆಯಡಿ ನನ್ನ ತಂದೆಯವರು ಕಟ್ಟಿದ ರಸೀದಿಗಳು ಇನ್ನೂ ಬೀರುವಿನಲ್ಲಿವೆ. ಕೇಂದ್ರ ಸರ್ಕಾರ ನೇಮಿಸಿದ್ದ ಕೆ.ಎನ್. ರಾಜ್ ಸಮಿತಿ 1972ರಲ್ಲಿ ದೊಡ್ಡ ಹಿಡುವಳಿಗಳ ಮೇಲೆ ತೆರಿಗೆಯನ್ನು ಸೂಚಿಸಿತ್ತು. ಊರಿನಲ್ಲಿ ಈ ಮಾತನ್ನು ಆಡಿದಾಗ ಬೆಳೆಗಾರ ಮಿತ್ರರಿಗೆ ಹಿಡಿಸಲಿಲ್ಲ.

ಕನ್ನಡಿಗ, ಓಸ್ಲೊ

ನಾರ್ವೆಯಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ಇಲ್ಲಿ ಸಂಪತ್ತು ತೆರಿಗೆ ಜೀವಂತವಾಗಿದೆ: ಒಂದು ಮಿತಿ ದಾಟಿದ ನಿವ್ವಳ ಸಂಪತ್ತಿಗೆ ಶೇ. 1, ಬಹಳ ದೊಡ್ಡದಕ್ಕೆ ಶೇ. 1.1. ಷೇರುಗಳೂ ಲೆಕ್ಕಕ್ಕೆ ಬರುತ್ತವೆ, ವಾಸದ ಮನೆಗೆ ದೊಡ್ಡ ರಿಯಾಯಿತಿಯಿದೆ. ಯಾರ ಆದಾಯ ಎಷ್ಟು, ತೆರಿಗೆ ಎಷ್ಟು ಎಂಬುದನ್ನು ಯಾವ ನಾಗರಿಕನಾದರೂ ಹುಡುಕಿ ನೋಡಬಹುದು. ಆದರೆ ಯಾರು ಹುಡುಕಿದರು ಎಂಬುದು 2014ರಿಂದ ಅವರಿಗೂ ತಿಳಿಯುತ್ತದೆ. ದರ ಏರಿದ 2022ರಲ್ಲಿ ಷೆಲ್ ಇಂಗೆ ರೊಕ್ಕೆಯಂಥ ಭಾರಿ ಉದ್ಯಮಿ ಸ್ವಿಟ್ಜರ್ಲೆಂಡಿಗೆ ವಾಸ ಬದಲಿಸಿದರು, ಇನ್ನೂ ಕೆಲವರು ಹಾಗೆಯೇ ಹೋದರು. ಸರ್ಕಾರ ಬಳಿಕ ದೇಶ ಬಿಡುವವರ ಷೇರು ಲಾಭದ ಮೇಲಿನ ತೆರಿಗೆಯನ್ನು ಬಿಗಿ ಮಾಡಿತು. ‘ಸಿರಿವಂತರು ಓಡಿಹೋಗುತ್ತಾರೆ’ ಎಂಬ ವಾದ ಸುಳ್ಳಲ್ಲ, ಅದಕ್ಕೆ ಮೊದಲೇ ಬೇಲಿ ಹಾಕಿಕೊಳ್ಳಬೇಕು ಎಂಬುದು ನಾನು ಕಂಡ ಪಾಠ.

ಉಪನ್ಯಾಸಕಿ

ಎಲ್ಲರಿಗೂ ನನ್ನ ಹೃತ್ಪೂರ್ವಕ ವಂದನೆಗಳು. ಹುಬ್ಬಳ್ಳಿಯ ಸರ್ ಹೇಳಿದ ಎರಡು ಫೈಲುಗಳನ್ನು ನಿನ್ನೆ ಕಪ್ಪುಹಲಗೆಯ ಮೇಲೆ ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ; ಉತ್ತರ ಬಂದಾಗ ತರಗತಿ ಮೌನವಾಗಿತ್ತು. ಮೂಡಿಗೆರೆಯ ಸರ್, ತಮ್ಮ ತಂದೆಯವರ ರಸೀದಿಯೊಂದರ ಚಿತ್ರವನ್ನು, ಹೆಸರು ಮರೆಮಾಡಿ, ಮಕ್ಕಳಿಗೆ ತೋರಿಸಲು ಅನುಮತಿಸುವಿರಾ? ಪ್ರಶ್ನೆ ಕೇಳಿದ ಹುಡುಗಿ ತನ್ನ ಮನೆಯ ಒಂದು ತಿಂಗಳ ಬಿಲ್ಲುಗಳನ್ನು ತಂದಿದ್ದಾಳೆ. ಏಳರಲ್ಲಿ ಮೂರರ ಮೇಲೆ ತೆರಿಗೆಯ ನಮೂದೇ ಇಲ್ಲ. ಅವನ್ನು ಬಿಟ್ಟುಬಿಡಬೇಕೇ?

ಕಾಫಿ ಬೆಳೆಗಾರ, ಮೂಡಿಗೆರೆ

ಖಂಡಿತ ಕಳಿಸುತ್ತೇನೆ ಮೇಡಂ. ಹೆಸರು ಇದ್ದರೂ ನನ್ನ ಅಭ್ಯಂತರವಿಲ್ಲ.

ಕಿರಾಣಿ ಅಂಗಡಿಯವನು, ದಾವಣಗೆರೆ

ಬಿಡಬೇಡಿ ಅಮ್ಮಾ. ನನ್ನಂಥ ಸಣ್ಣ ಅಂಗಡಿಯವರು ಕಾಂಪೊಸಿಷನ್ ಪದ್ಧತಿಯಲ್ಲಿದ್ದರೆ (ಒಟ್ಟು ವ್ಯಾಪಾರದ ಮೇಲೆ ಸಣ್ಣ ದರದಲ್ಲಿ ನಾವೇ ತೆರಿಗೆ ಕಟ್ಟುವ ಪದ್ಧತಿ) ಬಿಲ್ಲಿನಲ್ಲಿ ತೆರಿಗೆಯನ್ನು ಬೇರೆಯಾಗಿ ತೋರಿಸುವಂತಿಲ್ಲ. ಆದರೆ ಸಗಟು ಅಂಗಡಿಯಲ್ಲಿ ನಾವು ಕೊಟ್ಟ ತೆರಿಗೆ ಬೆಲೆಯೊಳಗೇ ಕುಳಿತಿರುತ್ತದೆ. ಪೊಟ್ಟಣದ ಮೇಲಿನ ಎಂಆರ್‌ಪಿ ಎಂದರೆ ಎಲ್ಲ ತೆರಿಗೆಯೂ ಸೇರಿದ ಬೆಲೆ. ಶೇ. 5ರ ಸಾಮಾನಾದರೆ ಆ ಬೆಲೆಯನ್ನು 105ರಿಂದ ಭಾಗಿಸಿ 5ರಿಂದ ಗುಣಿಸಲಿ, ಶೇ. 18ರದ್ದಾದರೆ 118ರಿಂದ ಭಾಗಿಸಿ 18ರಿಂದ ಗುಣಿಸಲಿ. ಪೈಸೆಯ ವ್ಯತ್ಯಾಸ ಬಂದರೂ ಸುಮಾರು ಲೆಕ್ಕ ಸಿಗುತ್ತದೆ. ಬಿಡಿಯಾಗಿ ತೂಗಿಸಿಕೊಂಡ ಅಕ್ಕಿ, ಬೇಳೆ, ತರಕಾರಿಯ ಮೇಲೆ ಜಿಎಸ್‌ಟಿ ಇಲ್ಲ, ಅವನ್ನು ಮಾತ್ರ ಪಕ್ಕಕ್ಕಿಡಲಿ.