‘ಡೇಟಾ ಲಾಗಿಂಗ್’ ಎಂಬುದನ್ನು ‘ಕಿರ್ದಿ’ ಎನ್ನಬಹುದೇ?

ಮಾನ್ಯರೇ,

ದಾವಣಗೆರೆಯಲ್ಲಿ ಮಾಳಿಗೆಯ ಮೇಲೆ ಸೌರಫಲಕ ಹಾಕಿಸಿಕೊಂಡವರಿಗಾಗಿ ಚಿಕ್ಕದೊಂದು ಕೈಪಿಡಿ ಬರೆಯುತ್ತಿದ್ದೇನೆ. ಫಲಕದ ಕೆಲಸವನ್ನು ಆಗಿಂದಾಗ್ಗೆ ಗಮನಿಸುವ ‘ಮಾನಿಟರಿಂಗ್’ ಮತ್ತು ಅದರ ಅಂಕಿಗಳನ್ನು ಹೊತ್ತುಹೊತ್ತಿಗೆ ಬರೆದಿಡುವ ‘ಡೇಟಾ ಲಾಗಿಂಗ್’ ಎಂಬ ಎರಡು ಮಾತುಗಳು ಅದರಲ್ಲಿ ಪುಟಪುಟಕ್ಕೂ ಬರುತ್ತವೆ. ಮೊದಲನೆಯದಕ್ಕೆ ‘ಮೇಲ್ವಿಚಾರಣೆ’ ಎಂದರೆ ಅಧಿಕಾರವುಳ್ಳ ವ್ಯಕ್ತಿಯೊಬ್ಬ ಕಣ್ಣ ಮುಂದೆ ನಿಲ್ಲುತ್ತಾನೆ. ಆಸ್ಪತ್ರೆಯ ‘ತೀವ್ರ ನಿಗಾ ಘಟಕ’ದಿಂದ ಎಲ್ಲರಿಗೂ ಪರಿಚಿತವಾದ ‘ನಿಗಾ’ ಸಾಕು.

ತೊಡಕಿರುವುದು ಎರಡನೆಯದರಲ್ಲಿ. ‘ದತ್ತಾಂಶ ದಾಖಲಾತಿ’ ಎಂದು ಬರೆದು ನೆರೆಮನೆಯವರಿಗೆ ತೋರಿಸಿದಾಗ ಅವರು ‘ಯಾವ ಶಾಲೆಗೆ?’ ಎಂದು ಕೇಳಿದರು, ತಪ್ಪು ಅವರದಲ್ಲ. ಫಲಕ ಕೂರಿಸಲು ಬರುವ ಹುಡುಗರು ‘ರೀಡಿಂಗ್ ಸೇವ್ ಆಗ್ತೈತಿ’ ಎಂದಷ್ಟೇ ಹೇಳಿ ಮುಗಿಸುತ್ತಾರೆ.

ನನಗೆ ಹೊಳೆದದ್ದು ದಲಾಲಿ ಅಂಗಡಿಯ ದಿನವಹಿ ಪುಸ್ತಕವಾದ ‘ಕಿರ್ದಿ’. ವ್ಯವಹಾರಗಳು ನಡೆದ ಕ್ರಮದಲ್ಲಿಯೇ ಮೊದಲು ಕಿರ್ದಿಗೆ ಇಳಿಯುತ್ತವೆ, ಯಾರ ಲೆಕ್ಕಕ್ಕೆ ಎಷ್ಟು ಎಂಬುದನ್ನು ಆಮೇಲೆ ಖಾತೆಗೆ ಎತ್ತಿ ಬರೆಯುತ್ತಾರೆ. ಅಂಕಿಗಳನ್ನು ತಾನಾಗಿ ಬರೆದಿಡುವ ಸಾಧನವಾದ ಲಾಗರ್ ಮಾಡುವುದೂ ಇದನ್ನೇ: 5 ನಿಮಿಷಕ್ಕೊಮ್ಮೆ ಬರೆಯುವಂತೆ ಹೊಂದಿಸಿದರೆ ದಿನಕ್ಕೆ 288 ಸಾಲುಗಳಾಗುತ್ತವೆ, ಪ್ರತಿ ಸಾಲಿನಲ್ಲೂ ಹೊತ್ತಿನ ಗುರುತಿನೊಡನೆ ವೋಲ್ಟೇಜ್, ಕರೆಂಟ್, ಫಲಕದ ಉಷ್ಣತೆ ಇರುತ್ತವೆ, ತಿಂಗಳಿಗೆ ಎಷ್ಟು ಯೂನಿಟ್ ಎಂಬುದು ಆ ಸಾಲುಗಳಿಂದ ಹುಟ್ಟುವ ಖಾತೆ. ಇಂಟರ್ನೆಟ್ ಹೋದಾಗ ದೂರದಿಂದ ಇಡುವ ನಿಗಾ ತಪ್ಪುತ್ತದೆ. ಒಳಗೆ ಸ್ವಂತ ಮೆಮೊರಿ ಇರುವ ಲಾಗರಿನಲ್ಲಿ ಕಿರ್ದಿ ಮಾತ್ರ ತಪ್ಪುವುದಿಲ್ಲ. ಬೇಸಿಗೆಯ ಧೂಳು ಕೂತು ಉತ್ಪಾದನೆ ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಇಳಿದದ್ದು ಆ ಹೊತ್ತಿನ ಅಂಕಿಯನ್ನು ಎಷ್ಟು ನೋಡಿದರೂ ತಿಳಿಯದು, ಹಳೆಯ ಕಿರ್ದಿಯನ್ನು ತಿರುವಿದರೆ ತಿಳಿಯುತ್ತದೆ. ಕೈಪಿಡಿಯಲ್ಲಿ ಎರಡಕ್ಕೂ ಬೇರೆಬೇರೆ ಪದ ಬೇಕೆಂದು ನಾನು ಹಟ ಹಿಡಿದಿರುವುದು ಈ ಕಾರಣಕ್ಕೆ. ಇಂಗ್ಲಿಷಿನ ‘ಲಾಗ್’ ತಾನೂ ಹಡಗಿನ ವೇಗ ತಿಳಿಯಲು ನೀರಿಗೆ ಎಸೆಯುತ್ತಿದ್ದ ಮರದ ತುಂಡು. ಅದು ಹಡಗಿನ ಪುಸ್ತಕಕ್ಕೆ ಹೆಸರಾಗಿ, ಅಲ್ಲಿಂದ ಯಂತ್ರಕ್ಕೆ ಬಂದಿರುವಾಗ ನಮ್ಮ ಅಂಗಡಿಯ ಪದ ಮಾಳಿಗೆ ಹತ್ತುವುದು ಅಸಹಜವೇನಲ್ಲ.

ಆದರೂ ಒಂದು ಅಳುಕು ಉಳಿದಿದೆ. ಕಿರ್ದಿ ಎಂದೊಡನೆ ಜಮಾ-ಖರ್ಚು ನೆನಪಾಗುತ್ತದೆ. ಫಲಕದ ಉಷ್ಣತೆಗೆ ಜಮೆಯೂ ಇಲ್ಲ, ಖರ್ಚೂ ಇಲ್ಲ. ಮಳೆಯ ಅಳತೆ, ಬಾವಿಯ ನೀರಿನ ಮಟ್ಟ, ಗಿರಣಿಗೆ ಬಂದ ಶೇಂಗಾ ಮೂಟೆ ಮುಂತಾದ ಹಣವಲ್ಲದ ಲೆಕ್ಕಕ್ಕೂ ‘ಕಿರ್ದಿ’ ಎನ್ನುವುದನ್ನು ಚಳ್ಳಕೆರೆ, ಹಿರಿಯೂರು, ಜಗಳೂರಿನ ಕಡೆಯವರು ಕೇಳಿದ್ದೀರಾ? ಕೇಳಿದ್ದರೆ ವಾಕ್ಯವನ್ನು ಆಡಿದ ಹಾಗೆಯೇ, ಊರಿನ ಹೆಸರಿನೊಡನೆ ತಿಳಿಸಬೇಕೆಂದು ಕೋರುತ್ತೇನೆ.