ಬೋವಿ ಚಾಕು ಎಣ್ಣೆಗೆ ಹಾಕಿದಾಗಲೆಲ್ಲ ಸೊಟ್ಟ ಆಗ್ತಿದೆ, ದಯವಿಟ್ಟು ಸಹಾಯ ಮಾಡಿ

ಹಾಸನದ_ಸುತ್ತಿಗೆ

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿ ತಂದು ಬೋವಿ ಚಾಕು (ಅಮೆರಿಕದ ದೊಡ್ಡ ಚಾಕು) ಮಾಡುತ್ತಿದ್ದೇನೆ. ಕುಲುಮೆಯಲ್ಲಿ ಕಾಯಿಸಿ, ಬಡಿದು, ಗ್ರೈಂಡರ್‌ನಲ್ಲಿ ಆಕಾರಕ್ಕೆ ತರುವವರೆಗೆ ಎಲ್ಲಾ ಚೆನ್ನಾಗಿರುತ್ತದೆ. ಸ್ಕೇಲ್ ಇಟ್ಟು ನೋಡಿದರೆ ನೇರ. ಕೆಂಪಗೆ ಕಾಯಿಸಿ ಎಣ್ಣೆಗೆ ಹಾಕಿ ತೆಗೆದರೆ ಪಕ್ಕಕ್ಕೆ ಬಾಗಿರುತ್ತದೆ. ಮಾಡಿದ್ದೆಲ್ಲ ಹೀಗೇ. ಅದೂ ಒಂದೇ ಕಡೆಗೆ! ತುದಿಯ ಹತ್ತಿರ 4-5 ಮಿ.ಮೀ. ಸರಿದಿರುತ್ತದೆ.

ಗಟ್ಟಿ ಮಾತ್ರ ಸರಿಯಾಗಿ ಆಗುತ್ತಿದೆ. ಅರ ಹಾಕಿದರೆ ಕಚ್ಚುವುದಿಲ್ಲ, ಜಾರುತ್ತದೆ. ಒರಿಜಿನಲ್ ಡಿಸೈನ್ ಪ್ರಕಾರವೇ ಮಾಡಿದ್ದೇನೆ. ಬೆನ್ನಿನ ತುದಿ ಒಳಕ್ಕೆ ತೆಗೆದ ಕ್ಲಿಪ್ ಪಾಯಿಂಟ್, ಅಲಗು 10 ಇಂಚು, ಕೈ ಅಲಗಿಗೆ ಜಾರದಂತೆ ಹಿಡಿಯ ಮುಂದೆ ಹಿತ್ತಾಳೆ ಗಾರ್ಡ್. ಇಷ್ಟೆಲ್ಲ ಕೆಲಸ ಆದ ಮೇಲೆ ಕೊನೆಯ ಹತ್ತು ಸೆಕೆಂಡಿನಲ್ಲಿ ಹಾಳಾಗುವುದನ್ನು ನೋಡಲು ಆಗುತ್ತಿಲ್ಲ. ಯಾರಾದರೂ ಹೇಳಿ, ಏನು ಮಾಡಲಿ?

ಬೆಂಕಿ_ಮತ್ತು_ಎಣ್ಣೆ

ಯಾವ ಎಣ್ಣೆ? ಅದನ್ನೇ ಬರೆದಿಲ್ಲ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಆಗಿದ್ದರೆ ಮೊದಲು ಅದನ್ನು ಬಿಡಿ. ಅದರ ಹೊಗೆ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ತಣ್ಣಗಿನ ಎಣ್ಣೆ ಮಂದ ಇರುತ್ತದೆ. ಅಲಗಿನ ಸುತ್ತ ಆವಿಯ ಪದರ ಕಟ್ಟಿಕೊಂಡು ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನವಾಗಿ ಆರುತ್ತದೆ. ಎಣ್ಣೆಯನ್ನು 50-55 ಡಿಗ್ರಿಗೆ ಬಿಸಿ ಮಾಡಿ. ಒಂದು ಕಬ್ಬಿಣದ ತುಂಡು ಕಾಯಿಸಿ ಅದ್ದಿದರೆ ಸಾಕು.

ಹಾಸನದ_ಸುತ್ತಿಗೆ

ಕಡಲೆಕಾಯಿ ಎಣ್ಣೆ ಸರ್. ಬಿಸಿ ಮಾಡಿಯೇ ಹಾಕುತ್ತೇನೆ. ಕೈ ಅದ್ದಿದರೆ ತಡೆಯಲು ಆಗದಷ್ಟು ಬಿಸಿ.

ಉಕ್ಕುಪ್ರಿಯ

ಎಣ್ಣೆ ಅಲ್ಲ. ನಾರ್ಮಲೈಸ್ ಮಾಡಿದ್ದೀರಾ? ಬಡಿದಾಗ, ಗ್ರೈಂಡ್ ಮಾಡಿದಾಗ ಉಕ್ಕಿನ ಒಳಗೆ ಒತ್ತಡ ಕೂತಿರುತ್ತದೆ. ಕಾಯಿಸಿದ ತಕ್ಷಣ ಅದು ಬಿಚ್ಚಿಕೊಳ್ಳುತ್ತದೆ. 870 ಡಿಗ್ರಿ ಹತ್ತಿರ ಕಾಯಿಸಿ, ಗಾಳಿಯಲ್ಲಿ ಕಪ್ಪಾಗುವವರೆಗೆ ಆರಿಸಿ. ಮತ್ತೆರಡು ಸಲ ಪ್ರತಿ ಬಾರಿ ಸ್ವಲ್ಪ ಕಡಿಮೆ ಬಿಸಿಯಲ್ಲಿ ಇದನ್ನೇ ಮಾಡಿ. ಆಮೇಲೆ ಎಣ್ಣೆ.

ಇನ್ನೊಂದು ಮಾತು. ಲೀಫ್ ಸ್ಪ್ರಿಂಗ್ ಅಂದ ಮಾತ್ರಕ್ಕೆ ಯಾವ ಉಕ್ಕು ಅಂತ ಗೊತ್ತಾಗುವುದಿಲ್ಲ. ಎಸ್‌ಯುಪಿ 9 ಇರಬಹುದು, ಅದು ಹೆಚ್ಚುಕಡಿಮೆ ಅಮೆರಿಕದ 5160 ದರ್ಜೆಯ ಉಕ್ಕು. ಇಎನ್ 45 ಇರಬಹುದು, ಅದರಲ್ಲಿ ಸಿಲಿಕಾನ್ ಜಾಸ್ತಿ, ಕಾಯಿಸುವ ಉಷ್ಣತೆಯೂ ಜಾಸ್ತಿ ಬೇಕು. ಹಳೇ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕು ಬೇರೆ ಇರುತ್ತದೆ. ನಾನು ಪೀಣ್ಯದಲ್ಲಿ ಹೊಸ ಇಎನ್ 31 ಪಟ್ಟಿಯನ್ನೇ ಕೊಳ್ಳುತ್ತೇನೆ. ನನ್ನ 2x72 ಬೆಲ್ಟ್ ಗ್ರೈಂಡರ್‌ಗೆ ವೇಗ ಹೆಚ್ಚುಕಡಿಮೆ ಮಾಡುವ ವಿಎಫ್‌ಡಿ ಹಾಕಿಸಿದ ಮೇಲೆ ಎರಡೂ ಮಗ್ಗುಲು ಒಂದೇ ಸಮ ಬರುತ್ತದೆ. ಆಂಗಲ್ ಗ್ರೈಂಡರ್‌ನಲ್ಲಿ ಅದು ಸಾಧ್ಯವೇ ಇಲ್ಲ.

ಬೆಂಕಿ_ಮತ್ತು_ಎಣ್ಣೆ

ಆಂಗಲ್ ಗ್ರೈಂಡರ್ ಮತ್ತು ಅರದಲ್ಲೇ ಅದ್ಭುತ ಚಾಕು ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಮಷಿನ್ ಬೆಲೆಯಿಂದ ಅಲಗು ನೇರ ಆಗುವುದಿಲ್ಲ. ಸಮಸ್ಯೆ ಎಣ್ಣೆಯದ್ದೇ. ಕಡಲೆಕಾಯಿ ಎಣ್ಣೆ ಎಷ್ಟು ಹಳೆಯದು? ಬಹಳ ಸಲ ಬಳಸಿದ ಮೇಲೆ ಗಟ್ಟಿಯಾಗುತ್ತದೆ, ಒಂದೇ ಸಮ ಆರಿಸುವುದಿಲ್ಲ. ಬದಲಾಯಿಸಿ ನೋಡಿ.

ಡಲ್ಲಾಸ್_ಕನ್ನಡಿಗ

ಒರಿಜಿನಲ್ ಡಿಸೈನ್ ಅಂದಿದ್ದೀರಿ, ಅದನ್ನು ಹಾಗೇ ಬಿಡಲು ಮನಸ್ಸು ಬರುತ್ತಿಲ್ಲ. ಈ ಚಾಕುವಿಗೆ ಹೆಸರು ಕೊಟ್ಟ ಜಿಮ್ ಬೋವಿ 1827ರ ಸೆಪ್ಟೆಂಬರ್ 19ರಂದು ನ್ಯಾಚೆಜ್ ಹತ್ತಿರ ಮಿಸಿಸಿಪ್ಪಿ ನದಿಯ ಮರಳದಿಣ್ಣೆಯ ಹೊಡೆದಾಟದಲ್ಲಿ ಹಿಡಿದಿದ್ದ ಚಾಕುವಿಗೆ ಕ್ಲಿಪ್ ಪಾಯಿಂಟ್ ಇತ್ತು ಅನ್ನುವುದಕ್ಕೆ ಆಧಾರ ಇಲ್ಲ. ಆ ಚಾಕು ತಾನೇ ಮಾಡಿದ್ದು ಎಂದು ಅವನ ಅಣ್ಣ ರೀಸನ್ ಬೋವಿ 1838ರಲ್ಲಿ ಪತ್ರಿಕೆಗೆ ಬರೆದ. ಉದ್ದ ಒಂಬತ್ತೂಕಾಲು ಇಂಚು, ಅಗಲ ಒಂದೂವರೆ ಇಂಚು, ಒಂದೇ ಬಾಯಿ, ಅಲಗಿಗೆ ಬಾಗು ಇಲ್ಲ ಎಂದು ವಿವರಿಸಿದ. ಬ್ಯಾಟನ್ ರೂಜ್‌ನ ಡೇನಿಯಲ್ ಸೀರ್ಲ್ಸ್ ಮಾಡಿದ, ರೀಸನ್ ಉಡುಗೊರೆ ಕೊಟ್ಟ ಒಂದು ಚಾಕು ಟೆಕ್ಸಸ್‌ನ ಆಲಮೋ ಸ್ಮಾರಕದಲ್ಲಿದೆ. ಅದರ ಬೆನ್ನೂ ನೇರ. ಈಗ ನಾವು ಬೋವಿ ಅನ್ನುವ ಆಕಾರ ಜನರ ಮನಸ್ಸಿನಲ್ಲಿ ಕೂತಿದ್ದು ಆಮೇಲೆ.

ಅಮೆರಿಕದಲ್ಲಿ ಆಗ ಮಾರಾಟವಾದ ಬೋವಿಗಳಲ್ಲಿ ಬಹಳಷ್ಟು ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಬಂದಿದ್ದು. ನನ್ನ ಹತ್ತಿರ ಜಿಂಕೆ ಕೊಂಬಿನ ಹಿಡಿಯ ಒಂದು ಇದೆ. ಜಾರ್ಜ್ ವೊಸ್ಟೆನ್‌ಹೋಮ್ ಕಂಪನಿಯ ಐ*ಎಕ್ಸ್‌ಎಲ್ ಗುರುತು ಇನ್ನೂ ಚೆನ್ನಾಗಿ ಓದಲು ಬರುತ್ತದೆ. ಒರೆ ಮಾತ್ರ ಹೋಗಿದೆ. ಇಂಥದ್ದನ್ನು ಯಾವತ್ತೂ ಪಾಲಿಶ್ ಮಾಡಬೇಡಿ. ಆ ಕಂದು ಪದರ ಹೋದರೆ ಬೆಲೆಯೂ ಹೋಗುತ್ತದೆ, ಗುರುತೂ ಸವೆಯುತ್ತದೆ.

ಉಕ್ಕುಪ್ರಿಯ

ಅರ್ಕಾನ್ಸಾದ ಜೇಮ್ಸ್ ಬ್ಲ್ಯಾಕ್ ಅಲ್ವಾ ಮೊದಲ ಬೋವಿ ಮಾಡಿದ್ದು? ಎಲ್ಲರೂ ಹಾಗೇ ಹೇಳುತ್ತಾರೆ.

ಡಲ್ಲಾಸ್_ಕನ್ನಡಿಗ

ಹೇಳುತ್ತಾರೆ. ಆದರೆ ರೀಸನ್ ಪತ್ರ ಅದಕ್ಕೆ ಒಪ್ಪುವುದಿಲ್ಲ. ಲಿಟಲ್ ರಾಕ್‌ನ ಹಿಸ್ಟಾರಿಕ್ ಅರ್ಕಾನ್ಸಾ ಮ್ಯೂಸಿಯಂಗೆ ಹೋದರೆ ಈ ವಾದಕ್ಕೇ ಒಂದು ದಿನ ಬೇಕು. ಬ್ಲ್ಯಾಕ್ ಒಳ್ಳೆಯ ಕಮ್ಮಾರ, ಅದರಲ್ಲಿ ಎರಡು ಮಾತಿಲ್ಲ. ಮೊದಲನೆಯದು ಅವನದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕೊಡಗು_ಪೀಚೆಕತ್ತಿ

ಸಮಸ್ಯೆ ಕೇಳಿದವರನ್ನು ಮರೆತೇಬಿಟ್ಟಿರಾ? ನಾನೂ ಪಕ್ಕದ ವಿಷಯವನ್ನೇ ಹೇಳುತ್ತೇನೆ, ಆದರೆ ಮುಖ್ಯವಾದದ್ದು. 10 ಇಂಚಿನ ಅಲಗು ಬೇಡ. ನಮ್ಮ ಆಯುಧ ನಿಯಮದಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗು ಆಯುಧದ ಲೆಕ್ಕಕ್ಕೆ ಬರುತ್ತದೆ. ಅಧಿಸೂಚನೆ ಆದ ಜಾಗಗಳಲ್ಲಿ ಅದಕ್ಕೆ ಲೈಸೆನ್ಸ್ ಬೇಕು. ಮನೆಗೆಲಸ, ಬೇಸಾಯದ ಕತ್ತಿಗೆ ವಿನಾಯಿತಿ ಇದೆ. ಬೋವಿಯನ್ನು ಹುಲ್ಲು ಕೊಯ್ಯಲು ಮಾಡಿದ್ದು ಅಂತ ಯಾರೂ ನಂಬುವುದಿಲ್ಲ.

ಬೆಂಕಿ_ಮತ್ತು_ಎಣ್ಣೆ

ನಿಮ್ಮ ಕೊಡಗಿನಲ್ಲಿ ಕೊಡವರ ಅಗಲ ಕತ್ತಿ ಒಡಿಕತ್ತಿಗೆ ಏನೂ ತೊಂದರೆ ಇಲ್ಲವಲ್ಲ?

ಕೊಡಗು_ಪೀಚೆಕತ್ತಿ

ಕೊಡವರಿಗೂ ಅಲ್ಲಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬೇರೆ ವಿನಾಯಿತಿ ಇದೆ. 2029ರವರೆಗೆ ವಿಸ್ತರಿಸಿದ್ದಾರೆ. ಅದು ಹಾಸನದವರಿಗೆ ಸಿಗುವುದಿಲ್ಲ. ಅಮೆರಿಕದಲ್ಲೂ ಈ ಚಾಕುವಿಗೆ ಕಾನೂನಿನ ಕಾಟ ಹೊಸದಲ್ಲ. 1837ರಲ್ಲೇ ಅಲಬಾಮಾ ರಾಜ್ಯ ಬೋವಿ ಮಾರಾಟದ ಮೇಲೆ 100 ಡಾಲರ್ ತೆರಿಗೆ ಹಾಕಿತ್ತು. ಅಲಗನ್ನು ಎಂಟೂವರೆ ಇಂಚಿಗೆ ಇಳಿಸಿ, ಅಗಲ ಒಂದೂಮುಕ್ಕಾಲು ಇಂಚು ಇಡಿ. ನೋಡಲು ಬೋವಿಯೇ, ತಲೆನೋವು ಇಲ್ಲ.

ಹಾಸನದ_ಸುತ್ತಿಗೆ

ಇದು ಗೊತ್ತಿರಲಿಲ್ಲ, ಧನ್ಯವಾದ. ಎಂಟೂವರೆಗೆ ಇಳಿಸುತ್ತೇನೆ. ನಾರ್ಮಲೈಸ್ ಮೂರೂ ಸಲ ಮಾಡಿದೆ. ಎಣ್ಣೆಯನ್ನೂ ಬದಲಾಯಿಸಿದೆ, ಹೊಸ ಡಬ್ಬ. ಮತ್ತೆ ಬಾಗಿತು. ಅದೇ ಕಡೆಗೆ. ಸ್ವಲ್ಪ ಕಡಿಮೆ, ಅಷ್ಟೇ.

ಬೆಂಕಿ_ಮತ್ತು_ಎಣ್ಣೆ

ಕಡಿಮೆ ಆಯಿತು ಅಂದರೆ ಎಣ್ಣೆಯದ್ದೇ ಅಂತಾಯಿತು. ಈಗ ಕಂಪನಿಯ ಕ್ವೆಂಚಿಂಗ್ ಆಯಿಲ್ (ಕಾದ ಉಕ್ಕು ಅದ್ದಲೆಂದೇ ಮಾಡಿದ ಎಣ್ಣೆ) ತರಿಸಿ.

ಉಕ್ಕುಪ್ರಿಯ

ನಾರ್ಮಲೈಸ್‌ನಿಂದ ಕಡಿಮೆ ಆಗಿದ್ದು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಹೇಳುತ್ತೀರಿ?

ಹಳೇ_ಅರ

ಇಬ್ಬರೂ ಸ್ವಲ್ಪ ತಾಳಿ. ಒಂದು ವಿಷಯವನ್ನು ಯಾರೂ ಕೇಳಲಿಲ್ಲ. ಯಾವಾಗಲೂ ಒಂದೇ ಕಡೆಗೆ ಬಾಗುತ್ತದೆ ಅಂತ ಮೊದಲ ಪೋಸ್ಟ್‌ನಲ್ಲೇ ಇದೆ. ಎಣ್ಣೆ ಕೆಟ್ಟಿದ್ದರೆ, ಒಳಗಿನ ಒತ್ತಡ ಉಳಿದಿದ್ದರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಬೇಕಿತ್ತು. ಒಂದೇ ಕಡೆಗೆ ಅಂದರೆ ನಿಮ್ಮ ಕೈ ಪ್ರತಿ ಸಲ ಒಂದೇ ರೀತಿ ಏನೋ ಮಾಡುತ್ತಿದೆ. ತಮ್ಮಾ, ಎಣ್ಣೆ ಹಾಕುವ ಪಾತ್ರೆಯ ಫೋಟೋ ಹಾಕು. ಕುಲುಮೆಯಲ್ಲಿ ಅಲಗನ್ನು ಹೇಗೆ ಇಡುತ್ತೀಯ ಅಂತಲೂ ಹೇಳು.

ಹಾಸನದ_ಸುತ್ತಿಗೆ

ಫೋಟೋ ಹಾಕಿದ್ದೇನೆ ಅಣ್ಣಾ. ತಗಡಿನ ಟ್ರೇ, ಅಗಲ ಇದೆ, ಆಳ ನಾಲ್ಕು ಬೆರಳು. ಅಲಗನ್ನು ಇಕ್ಕಳದಲ್ಲಿ ಹಿಡಿದು ಮಲಗಿಸಿ ಮುಳುಗಿಸುತ್ತೇನೆ. ಕುಲುಮೆ ಇದ್ದಿಲಿನದು, ಗಾಳಿ ಕೆಳಗಿನಿಂದ ಬರುತ್ತದೆ. ಅಲಗನ್ನು ಕೆಂಡದ ಮೇಲೆ ಮಲಗಿಸಿರುತ್ತೇನೆ. ಎಲ್ಲರೂ ಹೀಗೇ ಅಲ್ವಾ ಮಾಡುವುದು?

ಹಳೇ_ಅರ

ಸಿಕ್ಕಿತು. ಮಲಗಿಸಿ ಹಾಕಿದಾಗ ಕೆಳಗಿನ ಮಗ್ಗುಲು ಮೊದಲು ಎಣ್ಣೆಗೆ ತಾಗುತ್ತದೆ. ಮೇಲಿನ ಮಗ್ಗುಲು ಆಗ ಇನ್ನೂ ಕೆಂಪಗೇ ಇರುತ್ತದೆ. ಒಂದು ಮಗ್ಗುಲು ಬೇಗ ಆರಿ ಕುಗ್ಗುತ್ತದೆ, ಗಟ್ಟಿಯಾಗುವಾಗ ಮತ್ತೆ ಹಿಗ್ಗುತ್ತದೆ. ಇನ್ನೊಂದು ಮಗ್ಗುಲು ತಡವಾಗಿ ಅದೇ ದಾರಿ ಹಿಡಿಯುತ್ತದೆ. ಎರಡೂ ಒಂದೇ ಹೊತ್ತಿಗೆ ಆಗದಿದ್ದರೆ ಅಲಗು ಬಾಗದೆ ಇನ್ನೇನು ಮಾಡೀತು? ಕುಲುಮೆಯಲ್ಲೂ ಕೆಳಗಿನಿಂದ ಗಾಳಿ, ಅಲ್ಲೂ ಒಂದು ಮಗ್ಗುಲು ಜಾಸ್ತಿ ಕಾಯುತ್ತದೆ. ಎರಡೂ ಸೇರಿಕೊಂಡಿವೆ.

ಹೀಗೆ ಮಾಡು. 4 ಇಂಚಿನ ಕಬ್ಬಿಣದ ಪೈಪ್ ತುಂಡು ತಗೋ, 18 ಇಂಚು ಎತ್ತರ. ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗ್ ಚೂರಾದರೂ ಆಗುತ್ತದೆ. ಪಿವಿಸಿ ಪೈಪ್ ಹತ್ತಿರವೂ ಹೋಗಬೇಡ. ಕೆಳಗೆ ಅಗಲವಾದ ತಗಡು ವೆಲ್ಡ್ ಮಾಡಿಸು, ನೀರು ತುಂಬಿಸಿ ಸೋರುತ್ತದೆಯೇ ನೋಡು, ಆಮೇಲೆ ಪೂರ್ತಿ ಒಣಗಿಸು. ತಳದಲ್ಲಿ ನೀರು ಉಳಿದಿದ್ದರೆ ಬಿಸಿ ಎಣ್ಣೆ ಉಕ್ಕಿ ಹೊರಗೆ ಹಾರುತ್ತದೆ. ಮರಳಿನ ಬಕೆಟ್‌ನಲ್ಲಿ ನಿಲ್ಲಿಸು, ಉರುಳಬಾರದು. 3 ಲೀಟರ್ ಎಣ್ಣೆ ಸಾಕು, ಮೇಲೆ ಜಾಗ ಬಿಡು. ಮುಚ್ಚಳ ಪಕ್ಕದಲ್ಲೇ ಇರಲಿ. ಅಗಲ ಟ್ರೇಯಲ್ಲಿ ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಲು ಆಗುವುದಿಲ್ಲ. ನನಗೆ ಬಾಗುವುದಕ್ಕಿಂತ ಅದೇ ಜಾಸ್ತಿ ಭಯ.

ಅಲಗನ್ನು ಮೊನೆ ಕೆಳಗೆ ಮಾಡಿ ನೆಟ್ಟಗೆ ಇಳಿಸು. ಅಲ್ಲಾಡಿಸುವುದಾದರೆ ಮೇಲೆ ಕೆಳಗೆ, ಇಲ್ಲವೇ ಬೆನ್ನಿನಿಂದ ಬಾಯಿಯ ಕಡೆಗೆ. ಮಗ್ಗುಲಿಗೆ ಅಲ್ಲಾಡಿಸಬೇಡ. ಕುಲುಮೆಯಲ್ಲಿ ಕೆಂಡದೊಳಗೆ ಬೆನ್ನು ಕೆಳಗಾಗಿ ನಿಲ್ಲಿಸಿ ಕಾಯಿಸು, ಆಗಾಗ ತಿರುಗಿಸು. ಕ್ಲಿಪ್ ಹತ್ತಿರ ಅಲಗು ತೆಳು, ಅದು ಎಲ್ಲಕ್ಕಿಂತ ಮೊದಲು ಕಾಯುತ್ತದೆ. ಅದರ ಮೇಲೆ ಕಣ್ಣಿಡು.

ಉಕ್ಕುಪ್ರಿಯ

ಇದು ಸರಿ, ಒಪ್ಪುತ್ತೇನೆ. ಉಷ್ಣತೆ ಹೇಗೆ ನೋಡುತ್ತಿದ್ದೀರಿ? ಅಯಸ್ಕಾಂತ ಹಿಡಿಯುವುದು ನಿಂತಾಗ 770 ಡಿಗ್ರಿ. ಅದು ಸಾಲದು. 5160 ಥರದ್ದಕ್ಕೆ 830 ಬೇಕು.

ಹಳೇ_ಅರ

ನೆರಳಿನಲ್ಲಿ ನೋಡಿ. ಅಡುಗೆ ಉಪ್ಪು 801 ಡಿಗ್ರಿಗೆ ಕರಗುತ್ತದೆ. ಅಲಗಿನ ಮೇಲೆ ಎರಡು ಹರಳು ಉದುರಿಸಿ. ಅದು ಕರಗಿ ಹರಿದ ಮೇಲೆ ಇನ್ನೊಂದು ಛಾಯೆ ಮೇಲಕ್ಕೆ, ಅಷ್ಟೇ. ಮೀಟರ್ ಇಲ್ಲದವರಿಗೆ ಇದಕ್ಕಿಂತ ನಂಬಿಕೆಯ ಅಳತೆ ನನಗೆ ಗೊತ್ತಿಲ್ಲ.

ಬೆಂಕಿ_ಮತ್ತು_ಎಣ್ಣೆ

ನೆಟ್ಟಗೆ ಇಳಿಸುವುದು ಸರಿ. ಆದರೂ ಕ್ವೆಂಚಿಂಗ್ ಆಯಿಲ್ ತರಿಸಿದರೆ ಇನ್ನೂ ಒಳ್ಳೆಯದು. ನನ್ನ ಅಭಿಪ್ರಾಯ ಬದಲಾಗಿಲ್ಲ.

ಡಲ್ಲಾಸ್_ಕನ್ನಡಿಗ

ಇಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯವರು ಮೊದಲ ಹಂತದ ಪರೀಕ್ಷೆಗೆ ಅಲಗು 10 ಇಂಚು ಮೀರಬಾರದು ಅನ್ನುತ್ತಾರೆ. ನೇತುಹಾಕಿದ ಒಂದು ಇಂಚಿನ ಹಗ್ಗ ಒಂದೇ ಏಟಿಗೆ ಕತ್ತರಿಸಬೇಕು, ಮರದ ತುಂಡು ಕಡಿಯಬೇಕು, ಆಮೇಲೂ ಕೈ ಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ವೈಸ್‌ನಲ್ಲಿ ಹಿಡಿದು 90 ಡಿಗ್ರಿ ಬಾಗಿಸಿದರೂ ಮುರಿಯಬಾರದು. ನಮ್ಮವರು ಯಾರಾದರೂ ಅದಕ್ಕೆ ಕೂತರೆ ನೋಡುವ ಆಸೆ ಇದೆ.

ಹಾಸನದ_ಸುತ್ತಿಗೆ

ಪೈಪ್ ಮಾಡಿಸಿದೆ. ನೆಟ್ಟಗೆ ಇಳಿಸಿದೆ. ಅಲಗು ನೇರ ಬಂತು! ಗಾರ್ಡ್‌ನಿಂದ ಮುಕ್ಕಾಲು ಭಾಗದವರೆಗೆ ಸ್ಕೇಲ್ ಕೆಳಗೆ ಬೆಳಕೇ ಕಾಣುವುದಿಲ್ಲ. ಕ್ಲಿಪ್ ಇರುವ ಕಡೆ ಮಾತ್ರ ಒಂದು ಮಿ.ಮೀ.ನಷ್ಟು ಎಡಕ್ಕೆ ಇದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿ ಮಾಡಲೇ?

ಹಳೇ_ಅರ

ಬೇಡ, ಬೇಡ! ಟೆಂಪರ್ ಆಗದ, ಅಂದರೆ ಗಟ್ಟಿಯಾದ ಮೇಲೆ ಮತ್ತೆ ಹದವಾಗಿ ಕಾಯಿಸದ ಅಲಗು ಗಾಜಿನ ಹಾಗೆ ಒಡೆಯುತ್ತದೆ. ಕ್ಲಿಪ್‌ನ ಬೆನ್ನನ್ನು ಎಣ್ಣೆಗೆ ಹಾಕುವ ಮುಂಚೆಯೇ ಸಾಣೆ ಹಿಡಿದು ತೆಳು ಮಾಡಿದ್ದೀಯ, ಅಲ್ವಾ?

ಹಾಸನದ_ಸುತ್ತಿಗೆ

ಹೌದು ಅಣ್ಣಾ. ಒಂದು ಮಗ್ಗುಲು ಸ್ವಲ್ಪ ಜಾಸ್ತಿ ಹೋಗಿದೆ.

ಹಳೇ_ಅರ

ಉಳಿದ ಬಾಗು ಅದರದ್ದೇ. ಮುಂದಿನ ಸಲ ಕ್ಲಿಪ್‌ನ ಆಕಾರ ಮಾತ್ರ ಕತ್ತರಿಸಿಕೋ. ಬೆನ್ನಿನ ಸುಳ್ಳು ಬಾಯಿಯನ್ನು (ಕ್ಲಿಪ್‌ನ ಬೆನ್ನು ತೆಳುವಾಗಿಸಿದ ಇಳಿಜಾರು) ಟೆಂಪರ್ ಆದ ಮೇಲೆ ನೀರು ಅದ್ದಿಕೊಂಡು ತೆಗೆ. ಮುಂದಿನ ಬಾಯಿಯನ್ನೂ ಒಂದೂವರೆಯಿಂದ ಎರಡು ಮಿ.ಮೀ. ದಪ್ಪ ಉಳಿಸಿಕೊಂಡೇ ಎಣ್ಣೆಗೆ ಹಾಕು.

ಈಗಿನದಕ್ಕೆ ಮೊದಲು 200 ಡಿಗ್ರಿಯಲ್ಲಿ ಎರಡು ಗಂಟೆ ಟೆಂಪರ್ ಮಾಡು. ಆರಿದ ಮೇಲೆ ಆಂಗಲ್ ಕಬ್ಬಿಣಕ್ಕೆ ಅಲಗು ಇಟ್ಟು, ಬಾಗಿದ ಜಾಗದ ಕೆಳಗೆ ಒಂದು ನಾಣ್ಯ ಸೇರಿಸಿ, ಕ್ಲಾಂಪ್‌ನಿಂದ ಎದುರು ದಿಕ್ಕಿಗೆ ನೇರಕ್ಕಿಂತ ಒಂಚೂರು ಆಚೆ ಬಗ್ಗುವಷ್ಟು ಬಿಗಿ ಮಾಡು. ಹಾಗೇ ಓವನ್‌ಗೆ ಹಾಕಿ ಇನ್ನೆರಡು ಗಂಟೆ. ಕ್ಲಾಂಪ್‌ನಲ್ಲೇ ತಣ್ಣಗಾಗಲಿ.

ಹಾಸನದ_ಸುತ್ತಿಗೆ

ಹಾಗೇ ಮಾಡಿದೆ. ಪೂರ್ತಿ ನೇರ ಆಗಿದೆ. ಅರ ಇನ್ನೂ ಜಾರುತ್ತದೆ. ಬಿದಿರು ಕಡಿದು ನೋಡಿದೆ, ಬಾಯಿ ಮಡಚಲಿಲ್ಲ, ಚಕ್ಕೆ ಏಳಲಿಲ್ಲ. ಎಲ್ಲರಿಗೂ ತುಂಬಾ ಧನ್ಯವಾದ. ಹಿತ್ತಾಳೆ ಗಾರ್ಡ್ ಮತ್ತು ಅಲಗಿನ ಮಧ್ಯೆ ಸಣ್ಣ ಸಂದು ಉಳಿಯುತ್ತಿದೆ. ಬೆಸುಗೆ ಹಾಕಿದರೆ ಟೆಂಪರ್ ಹೋಗುತ್ತದಾ?

ಉಕ್ಕುಪ್ರಿಯ

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ಸಾಮಾನ್ಯ ತವರದ ಬೆಸುಗೆ ಬಿಟ್ಟು ಬೇರೇನೂ ಮುಟ್ಟಬೇಡಿ. ಅಲಗಿಗೆ ಒದ್ದೆ ಬಟ್ಟೆ ಸುತ್ತಿರಿ.

ಬೆಂಕಿ_ಮತ್ತು_ಎಣ್ಣೆ

ಬೆಸುಗೆ ಬೇಡ, ಎಪಾಕ್ಸಿ ಹಾಕಿ. ಹೊಸ ಚರ್ಚೆಯಲ್ಲಿ ಕಾರಣ ಹೇಳುತ್ತೇನೆ.