ಹಳೆಯ ಕಾರಿನ ಶಾಕ್ ಅಬ್ಸಾರ್ಬರ್ ಬದಲಿಸಲು ಎಷ್ಟು ಹೊತ್ತು ಬೇಕು?

ಪ್ರಶ್ನೆ (ಆಲ್ದೂರಿನ ಶಿಕ್ಷಕರೊಬ್ಬರು): ನಮ್ಮದು 2008ರ ಆಲ್ಟೊ. ಗುಂಡಿಗೆ ಇಳಿದಾಗಲೆಲ್ಲ ಮುಂದುಗಡೆ ದಡ್ ಎನ್ನುತ್ತದೆ. ಉಬ್ಬು ದಾಟಿದ ಮೇಲೂ ಗಾಡಿ ತೂಗಾಡುತ್ತಲೇ ಇರುತ್ತದೆ. ನಾಲ್ಕೂ ಶಾಕ್ ಹೋಗಿವೆಯಂತೆ. ಒಂದು ಗ್ಯಾರೇಜಿನವರು ಎರಡು ಗಂಟೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಎರಡು ದಿನ ಬಿಡಿ ಎನ್ನುತ್ತಾರೆ. ಯಾರನ್ನು ನಂಬುವುದು? ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು.

ಉತ್ತರ (ಮೆಕ್ಯಾನಿಕ್, ಚಿಕ್ಕಮಗಳೂರು): ಮೇಷ್ಟ್ರೇ, ಇಬ್ಬರೂ ಸುಳ್ಳು ಹೇಳಿಲ್ಲ. ಎರಡು ಗಂಟೆ ಎಂದವರು ಬಹುಶಃ ಮುಂದಿನ ಜೋಡಿಯನ್ನಷ್ಟೇ ಲೆಕ್ಕ ಹಿಡಿದಿದ್ದಾರೆ. ಎರಡು ದಿನ ಎಂದವರಿಗೆ ಮಲೆನಾಡಿನ ಮಳೆಗೆ ಬೋಲ್ಟ್ ತುಕ್ಕು ಹಿಡಿಯುವುದು ಗೊತ್ತಿದೆ.

ಹಿಂದಿನ ಜೋಡಿ ಸುಲಭ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಆಕ್ಸಲ್ ಕೆಳಕ್ಕೆ ಜೋತು ಬೀಳದಂತೆ ಜ್ಯಾಕ್ ಕೊಟ್ಟು, ಮೇಲಿನ ನಟ್ ಮತ್ತು ಕೆಳಗಿನ ಬೋಲ್ಟ್ ಬಿಚ್ಚಿದರೆ ಶಾಕ್ ಕೈಗೆ ಬರುತ್ತದೆ. ಎರಡಕ್ಕೂ ಸೇರಿ ಒಂದು, ಒಂದೂವರೆ ಗಂಟೆ.

ಮುಂದುಗಡೆ ಶಾಕ್ ಸ್ಪ್ರಿಂಗಿನೊಳಗೇ ಕುಳಿತಿರುತ್ತದೆ. ಚಕ್ರ ತೆಗೆದು, ಬ್ರೇಕ್ ಹೋಸಿನ ಹಿಡಿಕೆ ಬಿಡಿಸಿ, ಕೆಳಗಿನ ಎರಡು ಬೋಲ್ಟ್ ಮತ್ತು ಬಾನೆಟ್ ಒಳಗಿನ ನಟ್‌ಗಳನ್ನು ಬಿಚ್ಚಿ ಸ್ಟ್ರಟ್ಟನ್ನು, ಅಂದರೆ ಶಾಕ್ ಮತ್ತು ಸ್ಪ್ರಿಂಗ್ ಸೇರಿದ ಜೋಡಣೆಯನ್ನು, ಇಡಿಯಾಗಿ ಹೊರತೆಗೆಯಬೇಕು. ಆಮೇಲೆ ಕಂಪ್ರೆಸರ್ ಹಾಕಿ ಸ್ಪ್ರಿಂಗನ್ನು ಒತ್ತಿ ಹಿಡಿದು ನಡುವಿನ ನಟ್ ಬಿಚ್ಚುವುದು. ಸ್ಪ್ರಿಂಗ್ ಒತ್ತದೆ ಆ ನಟ್ಟಿಗೆ ಕೈ ಹಾಕಿದರೆ ಅದು ಸಿಡಿದು ಕೈ, ಮುಖ ಹೋಗುತ್ತದೆ. ಒಂದು ಬದಿಗೆ ಒಂದು ಗಂಟೆ ಹಿಡಿಯಿರಿ, ಸ್ವಲ್ಪ ಹೆಚ್ಚೂ ಆಗಬಹುದು.

ಇದೆಲ್ಲ ಬೋಲ್ಟ್‌ಗಳು ಮಾತು ಕೇಳಿದರೆ. ಹಳೆಯ ಗಾಡಿಯಲ್ಲಿ ಕೆಳಗಿನ ಬೋಲ್ಟ್ ಬುಷ್ ಎಂಬ ರಬ್ಬರ್ ತುಂಡಿನೊಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಒಂದಾಗಿರುತ್ತದೆ. ಪಾನಾ ಹಾಕಿ ತಿರುಗಿಸಿದರೆ ಬೋಲ್ಟ್ ತಿರುಗಿದಂತೆ ಕಾಣುತ್ತದೆ, ನಿಜಕ್ಕೂ ತಿರುಚುತ್ತಿರುವುದು ರಬ್ಬರ್. ಪಾನಾ ಬಿಟ್ಟ ಕೂಡಲೇ ವಾಪಸ್ ಬರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟರೆ ಎಷ್ಟೋ ಸಲ ಬಚಾವು. ಇಲ್ಲದಿದ್ದರೆ ಗ್ರೈಂಡರ್ ಹಿಡಿದು ಕತ್ತರಿಸುವುದೇ. ಹತ್ತು ನಿಮಿಷದ ಕೆಲಸ ಎರಡು ಗಂಟೆ ತಿನ್ನುತ್ತದೆ.

ನನ್ನ ಲೆಕ್ಕ ಇಷ್ಟು: ಸಾಮಾನು ಕೈಯಲ್ಲಿದ್ದರೆ ನಾಲ್ಕಕ್ಕೂ ನಾಲ್ಕೈದು ಗಂಟೆ. ಮುಂದಿನ ಸ್ಟ್ರಟ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಅದಕ್ಕೆ ಮುಕ್ಕಾಲು ಗಂಟೆ. ಬೆಳಿಗ್ಗೆ ಬಿಟ್ಟರೆ ಸಂಜೆಗೆ ಗಾಡಿ ಸಿಗುತ್ತದೆ. ಆದರೆ ಶನಿವಾರ ಮಾತ್ರ ಬಿಡಬೇಡಿ. ಬಿಚ್ಚಿದ ಮೇಲೆ ಸ್ಟ್ರಟ್ಟಿನ ಮೇಲ್ತುದಿಯ ರಬ್ಬರ್ ಮೌಂಟಿಂಗ್ ಹರಿದಿರುವುದೋ ಬೇರಿಂಗ್ ಹಿಡಿದಿರುವುದೋ ಕಂಡರೆ, ಆ ಸಣ್ಣ ಸಾಮಾನು ಪೇಟೆಯಲ್ಲಿ ಸಿಗದೆ ಗಾಡಿ ಜ್ಯಾಕ್ ಸ್ಟ್ಯಾಂಡ್ ಮೇಲೆಯೇ ಸೋಮವಾರದವರೆಗೆ ಕಾಯಬೇಕಾಗುತ್ತದೆ. ಎರಡು ದಿನ ಆಗುವುದು ಹೆಚ್ಚಾಗಿ ಹೀಗೆಯೇ. ಮೌಂಟಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ರಬ್ಬರ್), ಧೂಳು ತಡೆಯುವ ರಬ್ಬರ್ ಇವನ್ನು ಶಾಕ್ ಜೊತೆಗೇ ತರಿಸಿಡಿ.

ಹಾಸನದಿಂದ ಒಬ್ಬರು: ನನ್ನ ಕಾರಿನಲ್ಲಿ ಹಿಂದಿನ ಎಡಗಡೆಯದು ಮಾತ್ರ ಎಣ್ಣೆ ಬಿಟ್ಟಿದೆ. ಅದೊಂದನ್ನೇ ಹಾಕಿಸಿದರೆ ಸಾಲದೇ ಸರ್?

ಮೆಕ್ಯಾನಿಕ್: ಮೊದಲು ಬಟ್ಟೆಯಿಂದ ಒರೆಸಿ ಎರಡು ದಿನ ಓಡಿಸಿ ನೋಡಿ. ಮೇಲ್ಭಾಗದಲ್ಲಿ ತೆಳುವಾಗಿ ಜಿಡ್ಡು ಕಂಡರೆ ಗಾಬರಿ ಬೇಡ. ಮತ್ತೆ ಎಣ್ಣೆ ಇಳಿದು ಒದ್ದೆಯಾದರೆ ಬದಲಿಸಿ, ಆದರೆ ಜೋಡಿಯಾಗಿಯೇ. ಒಂದು ಹೊಸದು, ಒಂದು ಹಳೆಯದು ಇದ್ದರೆ ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಎರಡು ಬದಿ ಎರಡು ಥರ ವರ್ತಿಸುತ್ತವೆ.

ಕಡೂರಿನಿಂದ ಒಬ್ಬರು: ಅಣ್ಣ, ಬಂಪರ್ ಒತ್ತಿ ಬಿಟ್ಟು ನೋಡಿದರೆ ಗೊತ್ತಾಗುವುದಿಲ್ಲವೇ?

ಮೆಕ್ಯಾನಿಕ್: ಪೂರ್ತಿ ಸತ್ತಿದ್ದರೆ ಗೊತ್ತಾಗುತ್ತದೆ: ಒಮ್ಮೆ ಎದ್ದು ನಿಲ್ಲುವ ಬದಲು ಗಾಡಿ ಕುಣಿಯುತ್ತದೆ. ಅರೆಜೀವ ಇರುವುದು ಹಾಗೆ ಸಿಕ್ಕಿಬೀಳುವುದಿಲ್ಲ. ಟೈರ್ ಮೇಲೆ ಅಂಗೈ ಆಡಿಸಿ ನೋಡು, ಅಲ್ಲಲ್ಲಿ ತಗ್ಗುತಗ್ಗಾಗಿ ಸವೆದಿದ್ದರೆ ಶಾಕ್ ಮೇಲೆ ಅನುಮಾನ ಪಡಬಹುದು. ಹಾಗೆಂದು ದಡ್ ಸದ್ದಿಗೆಲ್ಲ ಶಾಕನ್ನೇ ದೂರಬೇಡ. ಚಕ್ರವನ್ನು ಕೆಳಗಡೆ ಹಿಡಿದಿರುವ ಲೋವರ್ ಆರ್ಮಿನ ಬುಷ್, ಅದರ ತುದಿಯ ಬಾಲ್ ಜಾಯಿಂಟ್ ಸವೆದರೂ ಅದೇ ಸದ್ದು. ಮೇಷ್ಟ್ರೇ, ಇದು ನಿಮಗೂ. ದುಡ್ಡು ಕೊಡುವ ಮುಂಚೆ ಗಾಡಿ ಎತ್ತಿಸಿ ಅವೆರಡನ್ನೂ ಅಲ್ಲಾಡಿಸಿ ನೋಡಲು ಹೇಳಿ. ಇನ್ನೊಂದು, ಬುಷ್ ಇರುವ ಬೋಲ್ಟ್‌ಗಳನ್ನು ಕೊನೆಯ ಬಿಗಿ ಬಿಗಿಯುವುದು ಚಕ್ರ ನೆಲಕ್ಕೆ ತಾಗಿದ ಮೇಲೆ. ಗಾಡಿ ನೇತಾಡುವಾಗಲೇ ಬಿಗಿದರೆ ಹೊಸ ಬುಷ್ ಬೇಗ ಹರಿಯುತ್ತದೆ.

ಶಿಕ್ಷಕರು: ಹಾಗಾದರೆ ಮಂಗಳವಾರ ಸಂಜೆ ತೋರಿಸಿ, ಎಣ್ಣೆ ಹೊಡೆಸಿ, ಬುಧವಾರ ಬಿಡುತ್ತೇನೆ. ಏನಾದರೂ ತರಿಸಬೇಕಾದರೆ ಮೂರು ದಿನ ಕೈಯಲ್ಲಿರುತ್ತದೆ.

ಮೆಕ್ಯಾನಿಕ್: ಅದೇ ಸರಿ. ಡಿಕ್ಕಿ ಮಾತ್ರ ಖಾಲಿ ಮಾಡಿಕೊಂಡು ಹೋಗಿ. ಹಲವು ಹಳೆಯ ಸಣ್ಣ ಕಾರುಗಳಲ್ಲಿ ಹಿಂದಿನ ಶಾಕ್‌ನ ಮೇಲಿನ ನಟ್ ಡಿಕ್ಕಿಯ ಒಳಗಿನಿಂದಲೇ ಬಿಚ್ಚಬೇಕು. ತೋಟದವರ ಗಾಡಿಗಳಲ್ಲಿ ಗೊಬ್ಬರದ ಚೀಲ ಇಳಿಸುವುದೇ ನಮಗೆ ಮೊದಲ ಕೆಲಸ.